ಆಶ್ರಯ ಅರಸಿ ಬಂದವನಿಗೆ ಹಾಸ್ಯ ವೃತ್ತಿಯಾಗಬಲ್ಲದೇ?

ಪ್ರಶ್ನೆ: ವಿದೇಶದಲ್ಲಿ ನೆಲೆಸಿರುವ ನಾನು, ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿನ ಭಾಷೆ ಕಲಿಸುವ ತರಗತಿಯಲ್ಲಿ ಸ್ವಯಂಸೇವಕಿ. ಅಲ್ಲಿಗೆ ಬರುವ ಯುವಕನೊಬ್ಬನಿಗೆ ಸ್ಟ್ಯಾಂಡ್‌-ಅಪ್ ಕಾಮಿಡಿಯನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ, ನಗಿಸುವ ಶಕ್ತಿಯೂ ಇದೆ. ಆದರೆ ಅವನ ಆಶ್ರಯದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ಉಚ್ಚಾರಣೆ ಬೇರೆ, ಮೇಲಾಗಿ ಸುತ್ತಲಿನವರು ‘ನೀನು ಪಟ್ಟ ಕಷ್ಟವನ್ನೇ ಹೇಳು’ ಎಂದು ಒತ್ತಾಯಿಸುತ್ತಾರೆ. ನಾನು ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ಅವನನ್ನು ಅವನ ವಕೀಲರ ಬಳಿಗೆ ಕಳುಹಿಸಿ. ಅರ್ಜಿ ಬಾಕಿಯಿರುವಾಗ ದುಡಿಯಲು ಅನುಮತಿ ಇದೆಯೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ಪ್ರದರ್ಶನಕ್ಕೆ ಕೊಡುವ ಸಣ್ಣ ಸಂಭಾವನೆಯೂ ದುಡಿಮೆಯೆಂದೇ ಎಣಿಕೆಯಾಗಬಹುದು. ಯಾರು ಬೇಕಾದರೂ ಹೆಸರು ಕೊಟ್ಟು ವೇದಿಕೆ ಏರಬಹುದಾದ ಓಪನ್ ಮೈಕ್‌ಗಳಲ್ಲಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲವಾದ್ದರಿಂದ ಅಭ್ಯಾಸಕ್ಕೆ ಅವು ಸಾಕು, ಆದರೂ ಕೇಳಿಯೇ ಹೆಜ್ಜೆಯಿಡಲಿ.

ಇದಕ್ಕಿಂತ ಸೂಕ್ಷ್ಮವಾದದ್ದು ಪ್ರದರ್ಶನದ ವಿಡಿಯೊ. ಹಾಸ್ಯಗಾರನು ಘಟನೆಯನ್ನು ಹಿಗ್ಗಿಸುತ್ತಾನೆ, ಹಿಂದುಮುಂದು ಮಾಡುತ್ತಾನೆ, ಇಬ್ಬರು ಚಿಕ್ಕಪ್ಪಂದಿರನ್ನು ಒಬ್ಬನನ್ನಾಗಿಸುತ್ತಾನೆ. ಆ ಕಲೆಯ ಸ್ವಭಾವವೇ ಅದು. ಆದರೆ ಆಶ್ರಯದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗಳು ಅರ್ಜಿದಾರನ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುತ್ತಾರೆ, ಆದ್ದರಿಂದ ನಗೆಗಾಗಿ ತಿರುಚಿದ ಪಯಣದ ಕಥೆಯೊಂದು ಅಂತರ್ಜಾಲದಲ್ಲಿ ಉಳಿದುಕೊಂಡರೆ ಅದೇ ಅವನಿಗೆ ಮುಳುವಾಗುವ ಸಾಧ್ಯತೆಯಿದೆ. ಊರಿನಲ್ಲಿ ಉಳಿದಿರುವ ಮನೆಯವರ ಸುರಕ್ಷತೆಯೂ ಇದರಲ್ಲಿ ಸೇರಿದೆ. ಬ್ರಿಟನ್ನಿನ ಹಾಸ್ಯಗಾರ್ತಿ ಶಪರಾಕ್ ಖೋರ್ಸಂದಿ ಅವರ ತಂದೆ, ಇರಾನಿನ ವಿಡಂಬನಕಾರ ಹಾದಿ ಖೋರ್ಸಂದಿ, ತಮ್ಮ ಬರಹದಿಂದಾಗಿ ತಾಯ್ನಾಡಿಗೆ ಮರಳಲಾಗದೆ ಲಂಡನ್ನಿನಲ್ಲೂ ಕೊಲೆಬೆದರಿಕೆ ಎದುರಿಸಿದವರು. ಪ್ರಭುತ್ವದ ವಿರುದ್ಧದ ನಗೆ ಅಷ್ಟು ದೂರ ಹಿಂಬಾಲಿಸಬಲ್ಲದು. ಅರ್ಜಿ ಇತ್ಯರ್ಥವಾಗುವವರೆಗೆ ತನ್ನ ಪ್ರದರ್ಶನವನ್ನು ಚಿತ್ರೀಕರಿಸಬೇಡಿ ಎಂದು ಆಯೋಜಕರನ್ನು ಕೋರುವ ಪೂರ್ಣ ಹಕ್ಕು ಅವನಿಗಿದೆ.

ಕಷ್ಟವನ್ನೇ ಹೇಳು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ನೋವನ್ನು ವೇದಿಕೆಗೆ ತರಬೇಕು, ಯಾವಾಗ ತರಬೇಕು, ತರಲೇಬೇಕೇ ಎಂಬುದೆಲ್ಲ ಅವನೊಬ್ಬನ ತೀರ್ಮಾನ. ಇನ್ನೂ ಹಸಿಯಾಗಿರುವ ಗಾಯವನ್ನು ಹೇಳತೊಡಗಿದರೆ ಪ್ರೇಕ್ಷಕರು ಮರುಕದಿಂದ ಮೌನವಾಗುತ್ತಾರೆ, ಮರುಕಪಟ್ಟವರನ್ನು ಮತ್ತೆ ನಗಿಸುವುದು ಬಹಳ ಕಷ್ಟ. ಹೊಸಬನಾಗಿ ಅವನು ಈ ಸಮಾಜದಲ್ಲಿ ಕಾಣುತ್ತಿರುವ ವಿಚಿತ್ರಗಳು, ಒಂದೇ ಪ್ರಶ್ನೆಯನ್ನು ಹಲವು ಬಾರಿ ಕೇಳುವ ಅರ್ಜಿ ನಮೂನೆಗಳು, ಅವನ ದೇಶ ಎಲ್ಲಿದೆಯೆಂದು ತಿಳಿಯದೆಯೇ ಅದರ ಬಗ್ಗೆ ಅಭಿಪ್ರಾಯ ಹೇಳುವ ಸಜ್ಜನರು, ಇವೆಲ್ಲ ಅವನ ಕೈಗೆ ಸಿಕ್ಕಿರುವ ಒಳ್ಳೆಯ ವಸ್ತು; ಅಲ್ಲಿ ಜನ ಅವನನ್ನು ಕಂಡು ನಗುವುದಿಲ್ಲ, ಅವನ ಜೊತೆ ನಗುತ್ತಾರೆ.

ದಾರಿ ಉದ್ದವಾದದ್ದು ಎಂಬುದನ್ನೂ ಮರೆಮಾಚದೆ ಹೇಳಿ. ಕುವೈತಿನಲ್ಲಿ 1981ರಲ್ಲಿ ಪ್ಯಾಲೆಸ್ಟೀನಿ ಕುಟುಂಬದಲ್ಲಿ ಹುಟ್ಟಿದ ಹಾಸ್ಯಗಾರ ಮೊ ಆಮರ್, 1990ರಲ್ಲಿ ಇರಾಕ್ ಆ ದೇಶವನ್ನು ಆಕ್ರಮಿಸಿದ ಮೇಲೆ ಅಮೆರಿಕದ ಹ್ಯೂಸ್ಟನ್ ಸೇರಿದರು. ಹದಿಹರೆಯದಲ್ಲೇ ವೇದಿಕೆ ಹತ್ತಿದ ಅವರಿಗೆ ಪೌರತ್ವ ದೊರೆತದ್ದು 2009ರಲ್ಲಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ಇಲ್ಲದೆ, ನಿರಾಶ್ರಿತರ ಪ್ರಯಾಣ ದಾಖಲೆ ಹಿಡಿದೇ ದೇಶದೇಶಗಳಲ್ಲಿ ಪ್ರದರ್ಶನ ನೀಡಿದರು. ನೆಟ್‌ಫ್ಲಿಕ್ಸ್‌ನಲ್ಲಿ ಅವರ ಮೊದಲ ಸ್ಪೆಷಲ್, ಅಂದರೆ ಒಬ್ಬರೇ ನಡೆಸಿಕೊಡುವ ಪೂರ್ಣ ಹಾಸ್ಯ ಪ್ರದರ್ಶನ, ಬಂದದ್ದು 2018ರಲ್ಲಿ. ಅವರು ಹಿಡಿದಿದ್ದಂತಹ ಪ್ರಯಾಣ ದಾಖಲೆ ಒದಗಿಸುವ ಕರ್ತವ್ಯವನ್ನು 1951ರ ನಿರಾಶ್ರಿತರ ಒಡಂಬಡಿಕೆಯ 28ನೇ ವಿಧಿ ಸಹಿ ಹಾಕಿದ ದೇಶಗಳಿಗೆ ವಿಧಿಸುತ್ತದೆ, ಆದರೆ ಅದು ಆಶ್ರಯ ದೊರೆತ ಮೇಲಿನ ಮಾತು.

ಉಚ್ಚಾರಣೆಯನ್ನು ಅಳಿಸಿಹಾಕುವ ಅಗತ್ಯವಿಲ್ಲ. ನಗೆ ತರಿಸುವ ಸಾಲಾದ ಪಂಚ್‌ಲೈನಿನ ಕೊನೆಯ ಪದವೊಂದು ಸ್ಪಷ್ಟವಾಗಿ ಕೇಳಿಸಿದರೆ ಸಾಕು, ಏಕೆಂದರೆ ನಗೆ ಸಿಡಿಯುವುದು ಅಲ್ಲಿಯೇ. ಈ ವಿಷಯದಲ್ಲಿ ಭಾಷೆ ಕಲಿಸುವ ನಿಮ್ಮಿಂದ ಆಗುವ ಸಹಾಯ ಬೇರೆಯವರಿಂದ ಆಗದು. ಅವನ ಪ್ರದರ್ಶನವಿದ್ದಾಗ ಹಿಂದಿನ ಸಾಲಿನಲ್ಲಿ ಕುಳಿತು, ಎಲ್ಲೆಲ್ಲಿ ಜನರಿಗೆ ಪದ ತಿಳಿಯದೆ ನಗೆ ತಪ್ಪಿತು, ಎಲ್ಲೆಲ್ಲಿ ತಿಳಿದೂ ನಗು ಬರಲಿಲ್ಲ ಎಂಬುದನ್ನು ಬೇರೆಬೇರೆಯಾಗಿ ಗುರುತು ಹಾಕಿಕೊಂಡು ಮರುದಿನ ಅವನಿಗೆ ಕೊಡಿ. ಮೊದಲನೆಯದನ್ನು ನೀವಿಬ್ಬರೂ ತರಗತಿಯಲ್ಲಿ ತಿದ್ದಬಹುದು. ಎರಡನೆಯದನ್ನು ಅವನೇ ಹೊಸದಾಗಿ ಬರೆದುಕೊಂಡು ಮುಂದಿನ ಓಪನ್ ಮೈಕ್‌ನಲ್ಲಿ ಪರೀಕ್ಷಿಸಲಿ.