ಅಟ್ಟದ ಮೇಲಿನ ರೇಡಿಯೊಗೆ ಪ್ಲಗ್ ಹಾಕುವ ಮುನ್ನ

ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೊಗಾರ) ಒಬ್ಬರ ಉತ್ತರ

ಪ್ರಶ್ನೆ: ನಮ್ಮ ತಂದೆ ಹ್ಯಾಮ್ ಆಗಿದ್ದರು. ತೀರಿಕೊಂಡು ಆರು ವರ್ಷ ಆಯ್ತು. ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅವರ ಯಾಯೆಸು ಎಫ್‌ಟಿ-101 ಸೆಟ್ ಸಿಕ್ಕಿತು. ಫೋಟೊ ಕಳಿಸಿದ್ದೇನೆ. ಆನ್ ಮಾಡಿ ನೋಡಲಾ? ಗುಜರಿಯವರು ಎರಡು ಸಾವಿರ ಕೊಡ್ತೀವಿ ಅಂತಿದ್ದಾರೆ.
— ಗಂಗಾವತಿಯ ಓದುಗ

ಉತ್ತರ: ಬೇಡ ತಮ್ಮಾ. ಈಗಲೇ ಆನ್ ಮಾಡುವುದೂ ಬೇಡ, ಗುಜರಿಗೆ ಹಾಕುವುದಂತೂ ಬೇಡವೇ ಬೇಡ.

ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹ್ಯಾಮ್ ಒಬ್ಬರು ತೀರಿಕೊಂಡರೆ ನಾವು ‘ಸೈಲೆಂಟ್ ಕೀ’ ಅನ್ನುತ್ತೇವೆ. ಕಟ್ ಕಟ್ ಅಂತ ಒತ್ತಿ ಸಂದೇಶ ಕಳಿಸುವ ಮೋರ್ಸ್ ಕೀ ಸುಮ್ಮನಾಯಿತು ಅಂತ ಅರ್ಥ. ಅವರ ಲಾಗ್ ಪುಸ್ತಕ, ಬೇರೆ ದೇಶಗಳಿಂದ ಬಂದ ಕ್ಯೂಎಸ್‌ಎಲ್ ಕಾರ್ಡುಗಳು (ಮಾತಾಡಿದ್ದಕ್ಕೆ ಗುರುತಾಗಿ ಹ್ಯಾಮ್‌ಗಳು ಕಳಿಸುವ ಕಾರ್ಡು) ಅದೇ ಅಟ್ಟದಲ್ಲಿ ಇರಬಹುದು. ಮೊದಲು ಅವನ್ನು ಹುಡುಕಿ ಇಲಿ ಮುಟ್ಟದ ಜಾಗದಲ್ಲಿ ಇಡಿ.

ಇನ್ನು ಕಾನೂನಿನ ಮಾತು. ಎಫ್‌ಟಿ-101 ಬರೀ ಕೇಳುವ ರೇಡಿಯೊ ಅಲ್ಲ, ಟ್ರಾನ್ಸ್‌ಮಿಟರ್ ಕೂಡ. ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಹೊಲದ ಪಹಣಿಯ ಹಾಗೆ ಹ್ಯಾಮ್ ಲೈಸೆನ್ಸ್ ಮಕ್ಕಳ ಹೆಸರಿಗೆ ಬರುವುದಿಲ್ಲ. ಹತ್ತಿರದ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರ ಕೈಗೆ ಸೆಟ್ ಒಪ್ಪಿಸಿ. ಯಾರು, ಯಾವತ್ತು ತಗೊಂಡರು ಅಂತ ಒಂದು ಕಾಗದ ಬರೆಸಿಕೊಳ್ಳಿ. ಮಾರುವುದಾದರೂ ಲೈಸೆನ್ಸ್ ಇರುವವರಿಗೇ ಮಾರಬೇಕು. ನಿಮಗೇ ಆಸೆ ಇದ್ದರೆ ಲೈಸೆನ್ಸ್ ಪರೀಕ್ಷೆ ಕಟ್ಟಿ. ನನ್ನ ಮನಸ್ಸು ಅದನ್ನೇ ಬಯಸುತ್ತದೆ.

ಆನ್ ಮಾಡಬೇಡಿ ಅಂದದ್ದು ಯಾಕೆ ಅಂತ ಹೇಳುತ್ತೇನೆ. 1989ರಲ್ಲಿ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಂದು ಹಳೇ ವಾಲ್ವ್ ರಿಸೀವರ್ ಕೊಂಡು ತಂದೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್‌ಗಿಂತ ಮುಂಚಿನ, ಬಿಸಿಯಾಗಿ ಕೆಲಸ ಮಾಡುವ ಗಾಜಿನ ಬುರುಡೆ. ರಾತ್ರಿ ಊಟ ಆದ ಮೇಲೆ ತಡೆಯಲಾಗದೆ ನೇರವಾಗಿ ಪ್ಲಗ್ ಹಾಕಿಬಿಟ್ಟೆ. ಡಯಲ್ ದೀಪ ಹತ್ತಿತು. ವಾಲ್ವ್‌ಗಳು ಕಾದವು. ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ಗುಂಯ್ ಅನ್ನುವ ಸದ್ದಿನ ಹಿಂದೆ ಕೇಳಿಸಿತು. ಒಂದು ನಿಮಿಷವೂ ಆಗಿರಲಿಲ್ಲ, ಟ್ರಾನ್ಸ್‌ಫಾರ್ಮರಿನಿಂದ ಕರಿ ಮೇಣ ಕರಗಿ ಚಾಸಿಯ (ಒಳಗಿನ ಲೋಹದ ಚೌಕಟ್ಟಿನ) ಮೇಲೆ ಇಳಿಯತೊಡಗಿತು. ಆ ಸುಟ್ಟ ವಾಸನೆ ಮನೆಯಿಂದ ಹೋಗಲು ಮೂರು ದಿನ ಬೇಕಾಯ್ತು. ಟ್ರಾನ್ಸ್‌ಫಾರ್ಮರ್ ರಿವೈಂಡ್ ಮಾಡಿಸಲು ಸೆಟ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ಖರ್ಚಾಯ್ತು.

ತಪ್ಪು ಆಗಿದ್ದು ಎಲ್ಲಿ ಅಂದರೆ, ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಲ್ಲಿ. ಅವುಗಳ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಆ ಪದರ ಸವೆಯುತ್ತದೆ. ಒಳಗಿನ ದ್ರವವೂ ಒಣಗುತ್ತದೆ, ಅದರಲ್ಲೂ ನಮ್ಮ ಕಡೆಯ ಬಿಸಿಲಿನಲ್ಲಿ ಅಟ್ಟ ಅಂದರೆ ಒಲೆ ಇದ್ದ ಹಾಗೆ. ಅಂಥದ್ದಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಶಾರ್ಟ್ ಆಗುತ್ತದೆ, ಆ ಹೊರೆಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಪಾಸಿಟರ್ ಸಿಡಿಯುವುದೂ ಉಂಟು.

ಅದಕ್ಕೇ ಸೀರೀಸ್ ಬೋರ್ಡ್. ಯಾವ ಎಲೆಕ್ಟ್ರಿಷಿಯನ್ ಹತ್ತಿರವಾದರೂ ಇರುತ್ತದೆ. 100 ವಾಟ್‌ನ ಹಳೆ ಕಾಲದ ತಂತಿಯ ಬಲ್ಬ್ ಬೇಕು, ಎಲ್‌ಇಡಿ ಆಗದು. ಸೆಟ್‌ಗೆ ಹೋಗುವ ಕರೆಂಟ್ ಆ ಬಲ್ಬ್ ಮೂಲಕ ಹೋಗಬೇಕು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಪೂರ್ತಿ ಉರಿಯುತ್ತಾ ನಿಂತರೆ ತಕ್ಷಣ ಆಫ್ ಮಾಡಿ, ಒಳಗೆ ಎಲ್ಲೋ ಶಾರ್ಟ್ ಇದೆ. ಪ್ಲಗ್ ಹಾಕುವ ಮೊದಲೇ ಸೆಟ್ ಎಷ್ಟು ವೋಲ್ಟ್‌ಗೆ ಕಟ್ಟಿದ್ದಾರೆ ಅಂತಲೂ ನೋಡಬೇಕು. ಹೊರದೇಶದಿಂದ ಬಂದ ಸೆಟ್ 110ಕ್ಕೆ ಇದ್ದರೂ ಇರಬಹುದು.

ಎಫ್‌ಟಿ-101ರಲ್ಲಿ ಒಂದು ಅನುಕೂಲ ಇದೆ. ರಿಸೀವರ್ ಪೂರ್ತಿ ಟ್ರಾನ್ಸಿಸ್ಟರ್. ವಾಲ್ವ್ ಇರುವುದು ಮೂರೇ: ಡ್ರೈವರ್ 12ಬಿವೈ7ಎ ಒಂದು, ಫೈನಲ್‌ಗೆ, ಅಂದರೆ ಆಂಟೆನಾಕ್ಕೆ ಶಕ್ತಿ ಕೊಡುವ ಕೊನೆಯ ಹಂತಕ್ಕೆ, 6ಜೆಎಸ್6 ಎರಡು. ಅವುಗಳ ಹೀಟರ್‌ಗೆ ಬೇರೆ ಸ್ವಿಚ್ ಇದೆ. ಅದನ್ನು ಆಫ್ ಇಟ್ಟು ಮೊದಲು ಬರೀ ಕೇಳಿಸಿಕೊಳ್ಳಬಹುದು. ಕೇಳುವುದು ಸರಿಯಾದ ಮೇಲೆ ಟ್ರಾನ್ಸ್‌ಮಿಟ್ ಮಾತು. ಡ್ರೈವರ್‌ನಿಂದ ಫೈನಲ್ ಗ್ರಿಡ್‌ಗೆ ಹೋಗುವ ಸಣ್ಣ ಕೆಪಾಸಿಟರ್ ವಯಸ್ಸಾಗಿ ಕರೆಂಟ್ ಸೋರಿದರೆ ಬಯಾಸ್ (ವಾಲ್ವ್ ಅನ್ನು ಹದ್ದಿನಲ್ಲಿಡುವ ವೋಲ್ಟೇಜ್) ತಪ್ಪುತ್ತದೆ, ವಾಲ್ವ್‌ನ ಪ್ಲೇಟ್ ಕೆಂಪಗೆ ಕಾಯುತ್ತದೆ. ಆ ಒಂದು ಪಾರ್ಟನ್ನು ಪರೀಕ್ಷೆಗೂ ಕಾಯದೆ ಬದಲಿಸುವುದು ನನ್ನ ಪದ್ಧತಿ. ಫೈನಲ್ ಪ್ಲೇಟ್‌ನಲ್ಲಿ ಸುಮಾರು 600 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಗೊತ್ತಿಲ್ಲದೆ ಮುಚ್ಚಳ ತೆಗೆದು ಕೈ ಹಾಕಬೇಡಿ. ಗೊತ್ತಿರುವ ನಾವೂ ಒಂದು ಕೈ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತೇವೆ.

ಕೊನೆಗೆ ಒಂದು ಬೇಡಿಕೆ. ಫೋಟೊದಲ್ಲಿ ‘ಪ್ಲೇಟ್’, ‘ಲೋಡಿಂಗ್’ ಗುಂಡಿಗಳ ಸುತ್ತ ಪೆನ್ಸಿಲ್ ಗೀಟುಗಳು ಕಾಣುತ್ತಿವೆ. ಒಂದರ ಪಕ್ಕ 7 ಅಂತ ಬರೆದಿದೆ, ಇನ್ನೊಂದರ ಪಕ್ಕ 14. ಅವು ಕೊಳೆ ಅಲ್ಲ. ನಿಮ್ಮ ಮನೆ ಮಾಳಿಗೆಯ ಆಂಟೆನಾಕ್ಕೆ 7 ಮತ್ತು 14 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಗುಂಡಿ ಎಲ್ಲಿ ನಿಲ್ಲಬೇಕು ಅಂತ ನಿಮ್ಮ ತಂದೆ ಕಂಡುಕೊಂಡು ಹಾಕಿದ ಗುರುತು. ಸೆಟ್ ಯಾರ ಕೈಗೆ ಕೊಟ್ಟರೂ ಹೇಳಿ, ಮುಂಭಾಗವನ್ನು ಸ್ಪಿರಿಟ್ ಹಾಕಿ ಒರೆಸಬಾರದು.

ಪ್ರಶ್ನೆ: ಅತ್ತೆಯವರ ಕಾಲದ ವಾಲ್ವ್ ರೇಡಿಯೊ ಈಗಲೂ ಹಾಡುತ್ತದೆ. ಆದರೆ ಗುಂಡಿ ಮುಟ್ಟಿದರೆ ಒಮ್ಮೊಮ್ಮೆ ಜುಂ ಅನ್ನುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಲ್ಲ. ಹಾಗೇ ಬಳಸಬಹುದಾ?
— ಸಿಂಧನೂರಿನ ಓದುಗರು

ಉತ್ತರ: ಅಕ್ಕಾ, ಇವತ್ತಿನಿಂದಲೇ ನಿಲ್ಲಿಸಿ. ಪ್ಲಗ್ ಕಿತ್ತು, ಹಿಂದಿನ ರಟ್ಟು ತೆಗೆದು, ವಾಲ್ವ್‌ಗಳ ಮೇಲಿನ ಮೊದಲ ಅಕ್ಷರ ಓದಿ. ‘ಇ’ ಇದ್ದರೆ 6.3 ವೋಲ್ಟ್ ಹೀಟರ್, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್42, ಯುಎಲ್41, ಯುವೈ41 ಹೀಗೆ ‘ಯು’ ಇದ್ದರೆ ಅದು ಎಸಿ-ಡಿಸಿ ಸೆಟ್. ಟ್ರಾನ್ಸ್‌ಫಾರ್ಮರ್ ಇಲ್ಲ. ಗೋಡೆಯ ಎರಡು ತಂತಿಗಳಲ್ಲಿ ಒಂದು ನೇರ ಚಾಸಿಗೇ ಬಂದಿರುತ್ತದೆ. ಪ್ಲಗ್ ಒಂದು ಕಡೆ ಹಾಕಿದರೆ ಚಾಸಿ ನ್ಯೂಟ್ರಲ್, ತಿರುಗಿಸಿದರೆ ಫೇಸ್. ನಿಮಗೆ ಆಗಿದ್ದು ಅದೇ ಇರಬೇಕು.

ಗುಂಡಿಯ ಬದಿಯಲ್ಲಿ ಸಣ್ಣ ತೂತು ಇದೆಯಾ ನೋಡಿ. ಒಳಗಿನ ಸ್ಕ್ರೂ ಕೈಗೆ ತಾಗದಿರಲಿ ಅಂತ ಆ ತೂತಿಗೆ ಮೇಣ ತುಂಬುತ್ತಿದ್ದರು. ನಿಮ್ಮದರಲ್ಲಿ ಮೇಣ ಉದುರಿರಬೇಕು. ಮತ್ತೆ ತುಂಬಿಸಿ, ಆದರೆ ಅಷ್ಟಕ್ಕೇ ನಂಬಬೇಡಿ. 230ರಿಂದ 230ಕ್ಕೆ ಇರುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿಸಿದ ಮೇಲೆ ಮಾತ್ರ ಹಚ್ಚಿ. ಮನೆಯಲ್ಲಿ ಮಕ್ಕಳು ಇದ್ದಾರೆ ಅಂತ ಬರೆದಿದ್ದೀರಿ, ಅಲ್ವಾ?

ಪ್ರಶ್ನೆ: ಸ್ಟೇಷನ್ ಬದಲಿಸುವಾಗ ಕರಕರ ಸದ್ದು. ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು.
— ಸಂಡೂರಿನ ಓದುಗ

ಉತ್ತರ: ಅದಿರಿನ ಲಾರಿಗಳ ಧೂಳು ನಮ್ಮ ಕಡೆಯ ಸೆಟ್‌ಗಳಿಗೆಲ್ಲ ಇದೆ. ಸ್ಟೇಷನ್ ಗುಂಡಿಯ ಜೊತೆ ತಿರುಗುವ ಗ್ಯಾಂಗ್ ಕಂಡೆನ್ಸರ್‌ನ ಲೋಹದ ಎಲೆಗಳ ನಡುವೆ ಮೆತ್ತನೆಯ ಬ್ರಷ್ ಆಡಿಸಿ. ಕಂಪ್ರೆಸರ್ ಗಾಳಿ ಬೇಡ, ಎಲೆ ಬಾಗಿದರೆ ಡಯಲ್ ಲೆಕ್ಕವೇ ತಪ್ಪುತ್ತದೆ. ತಿರುಗುವ ಅಕ್ಷಕ್ಕೆ ಒತ್ತಿಕೊಂಡಿರುವ ಪಟ್ಟಿಗೆ ಒಂದು ತೊಟ್ಟು ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಪ್ರಶ್ನೆ: ನನಗೆ 14 ವರ್ಷ. ತಾತನ ಬ್ಯಾಂಡ್ ರೇಡಿಯೊದಲ್ಲಿ ಹ್ಯಾಮ್‌ಗಳ ಮಾತು ಕೇಳಲು ಆಗುತ್ತಾ? ಬಾತುಕೋಳಿ ಕೂಗಿದ ಹಾಗೆ ಬರುತ್ತದೆ.
— ರಾಯಚೂರಿನ ವಿದ್ಯಾರ್ಥಿನಿ

ಉತ್ತರ: ಬಾತುಕೋಳಿ ಸದ್ದೇ ಹ್ಯಾಮ್‌ಗಳ ಮಾತು ತಂಗಿ! ಅವರು ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಅನ್ನುವ ವಿಧಾನದಲ್ಲಿ ಮಾತಾಡುತ್ತಾರೆ. ಅದರಲ್ಲಿ ಮಾತನ್ನು ಹೊತ್ತೊಯ್ಯುವ ಕ್ಯಾರಿಯರ್ ತರಂಗವನ್ನು ತೆಗೆದು ಕಳಿಸುತ್ತಾರೆ. ಅದನ್ನು ನಾವೇ ಸೇರಿಸಿದರೆ ಮಾತು ಬಿಡಿಸಿಕೊಳ್ಳುತ್ತದೆ. ಅದಕ್ಕೆ ಎರಡನೇ ರೇಡಿಯೊ ಸಾಕು. ಶಾರ್ಟ್‌ವೇವ್ ಇರುವ ಮಾಮೂಲಿ ಮುಳ್ಳಿನ ಡಯಲ್‌ನ ಟ್ರಾನ್ಸಿಸ್ಟರ್ ತಗೊಂಡು ತಾತನ ರೇಡಿಯೊ ಪಕ್ಕ ಇಡು. ಅದರ ಒಳಗೆ ತರಂಗ ಹುಟ್ಟಿಸುವ ಆಸಿಲೇಟರ್ ಡಯಲ್ ತೋರಿಸುವುದಕ್ಕಿಂತ 455 ಕಿಲೋಹರ್ಟ್ಸ್ ಮೇಲೆ ಓಡುತ್ತಿರುತ್ತದೆ. ಅದೇ ತಾತನ ರೇಡಿಯೊಗೆ ಕ್ಯಾರಿಯರ್ ಆಗುತ್ತದೆ. ತಾತನ ರೇಡಿಯೊ 7100ರಲ್ಲಿ ಇದ್ದರೆ ಇದನ್ನು 6645ರ ಹತ್ತಿರ ತಂದು, ಸದ್ದು ಕಡಿಮೆ ಮಾಡಿ, ಕೂದಲೆಳೆಯಷ್ಟು ಆಚೀಚೆ ತಿರುಗಿಸು. ಬಾತುಕೋಳಿ ಮನುಷ್ಯ ಆಗುವ ಜಾಗ ಸಿಗುತ್ತದೆ. ನನಗೆ ಮೊದಲ ಸಲ ಸಿಕ್ಕಾಗ ಕೈ ನಡುಗಿತ್ತು.

ಆಂಟೆನಾಕ್ಕೆ ಮಾಳಿಗೆ ಮೇಲೆ ಆಚೆ ಹತ್ತು ಮೀಟರ್, ಈಚೆ ಹತ್ತು ಮೀಟರ್ ತಂತಿ. ಕರೆಂಟಿನ ತಂತಿ ಹತ್ತಿರ ಇರಬಾರದು, ಕಟ್ಟುವಾಗ ದೊಡ್ಡವರು ಜೊತೆಗಿರಲಿ. ಕೇಳಿಸಿಕೊಳ್ಳಲು ಪರೀಕ್ಷೆ ಬೇಡ, ಮಾತಾಡಲು ಬೇಕು. 12 ವರ್ಷ ಆದವರು ಬರೆಯಬಹುದು. ಮೊದಲ ಹಂತದ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಇಲ್ಲ, ಪಾಸಾದರೆ ವಿಯು3ಯಿಂದ ಶುರುವಾಗುವ ಕಾಲ್‌ಸೈನ್ (ಗಾಳಿಯಲ್ಲಿ ನಿನ್ನ ಗುರುತಿನ ಹೆಸರು) ಸಿಗುತ್ತದೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಡಯಲ್‌ನಲ್ಲಿ 41 ಮೀಟರ್ ಬರೆದಿರುವ ಜಾಗದ ಪಕ್ಕದಲ್ಲಿ ಹುಡುಕು. ಮೊದಲು ಕೇಳಿಸಿದ ಕಾಲ್‌ಸೈನ್ ಯಾವುದು ಅಂತ ನನಗೆ ಬರೆ.