ಎಂಟು ಪುಸ್ತಕ ಓದಿದರೂ ಇಳಿಯದ ಆತಂಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು, ಉದ್ಯೋಗದ ವಿವರಗಳನ್ನು ಬದಲಿಸಲಾಗಿದೆ.)

ಸುಮಾ ಅವರಿಗೆ 34 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಏಳೆಂಟು ತಿಂಗಳಿಂದ ಎದೆ ಡವಡವ, ಹೊಟ್ಟೆ ತೊಳಸುವುದು, ರಾತ್ರಿ ಎರಡು ಗಂಟೆಗೆ ಎಚ್ಚರ. ಏನೋ ಕೆಟ್ಟದ್ದು ಆಗಿಯೇ ತೀರುತ್ತದೆ ಎಂಬ ಭಯ. ಮೊದಲ ಭೇಟಿಯಲ್ಲೇ ಒಂದು ಪಟ್ಟಿ ತೆಗೆದು ಮುಂದಿಟ್ಟರು: ಅಷ್ಟರಲ್ಲಿ ಓದಿ ಮುಗಿಸಿದ್ದ ಎಂಟು ಸ್ವಸಹಾಯ ಪುಸ್ತಕಗಳು. "ಎಲ್ಲಾ ಅರ್ಥ ಆಗಿದೆ, ಆದ್ರೂ ಏನೂ ಕಮ್ಮಿ ಆಗ್ತಿಲ್ಲ. ಇನ್ನೊಂದು ಒಳ್ಳೇ ಪುಸ್ತಕ ಇದ್ರೆ ಹೇಳಿ."

ಆ ಎಂಟರಲ್ಲಿ ಮೂರನ್ನು ಮುಂದಿನ ಭೇಟಿಗೆ ತರಲು ಹೇಳಲಾಯಿತು. ಸಾಲುಗಳ ಕೆಳಗೆ ಗೆರೆ ಎಳೆದಿದ್ದರು, ಅಂಚಿನಲ್ಲಿ ಟಿಪ್ಪಣಿ ಬರೆದಿದ್ದರು. ಅಭ್ಯಾಸದ ಪುಟಗಳು ಮಾತ್ರ ಖಾಲಿ. ಕೇಳಿದರೆ, "ಅದನ್ನ ಮನಸ್ಸಲ್ಲೇ ಮಾಡ್ಕೊಂಡೆ." ತೊಡಕು ಇದ್ದದ್ದೇ ಅಲ್ಲಿ. ಆತಂಕ ಹೆಚ್ಚಾದಾಗಲೆಲ್ಲ ಹೊಸ ಪುಸ್ತಕ ತೆರೆಯುತ್ತಿದ್ದರು, ಓದುವಷ್ಟು ಹೊತ್ತು ಸಮಾಧಾನ ಸಿಗುತ್ತಿತ್ತು. ಆ ಸಮಾಧಾನವೇ ಮತ್ತೆ ಓದಿಸುತ್ತಿತ್ತು, ಭಯದ ಯೋಚನೆಯನ್ನು ಎದುರಿಟ್ಟು ನೋಡುವ ಕೆಲಸ ಮಾತ್ರ ಉಳಿದೇಹೋಗುತ್ತಿತ್ತು. ಗೀಳು ಕಾಯಿಲೆ ಇರುವವರಲ್ಲಿ ಇದು ಇನ್ನೂ ಬಲವಾಗಿರುತ್ತದೆ. ಅವರಿಗೆ ಪುಸ್ತಕವೇ 'ಏನೂ ಆಗಲ್ಲ ತಾನೇ?' ಎಂದು ಪದೇಪದೇ ಕೇಳುವ ಜಾಗವಾಗಿಬಿಡುತ್ತದೆ.

ಹಿಂದಿನ ಎರಡು ವಾರಗಳ ಬಗ್ಗೆ ಕೇಳುವ ಎರಡು ಪ್ರಶ್ನಾವಳಿಗಳನ್ನು ತುಂಬಿಸಲಾಯಿತು. ಆತಂಕದ ಜಿಎಡಿ-7ರಲ್ಲಿ 21ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟ. ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 9, ಇದು ಸೌಮ್ಯ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಗಳ ಕುರಿತದ್ದು. ಅದಕ್ಕೆ ಸೊನ್ನೆ ಎಂದಿದ್ದರು, ಬಾಯಿಬಿಟ್ಟು ಕೇಳಿಯೂ ಖಚಿತಪಡಿಸಿಕೊಳ್ಳಲಾಯಿತು. ಥೈರಾಯ್ಡ್ ಏರುಪೇರಾದರೂ ಎದೆಬಡಿತ, ನಿದ್ದೆಗೇಡು ಬರುವುದರಿಂದ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಲಾಯಿತು, ವರದಿ ಸರಿಯಾಗಿತ್ತು. ಈ ಮಟ್ಟಕ್ಕೆ ಯಾರಾದರೂ ಜೊತೆಗಿದ್ದು ನಡೆಸುವ ಸ್ವಸಹಾಯ ಸಾಕು. ಒಬ್ಬರೇ ಓದಿಕೊಂಡರೆ ನಡುವೆ ಬಿಡುವವರೇ ಹೆಚ್ಚು. ವಾರಕ್ಕೊಮ್ಮೆ 'ಎಲ್ಲಿಗೆ ಬಂತು?' ಎಂದು ಕೇಳುವವರಿದ್ದರೆ ಫಲ ಬೇರೆಯೇ.

ಕೊಟ್ಟ ಮೊದಲ ಸಲಹೆ: ಎಂಟರಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಂಟು ವಾರ ಕಪಾಟಿನಲ್ಲಿಡಿ. ಆಯ್ಕೆಗೆ ನೋಡಿದ ಅಂಶಗಳು ಇವು. ಒಂದು ನಿರ್ದಿಷ್ಟ ತೊಂದರೆಯ ಬಗ್ಗೆ ಮಾತಾಡಬೇಕು, ತುಂಬುವ ಹಾಳೆಗಳಿರಬೇಕು, ಬರೆದವರು ಇಂಥ ತೊಂದರೆಗಳ ಚಿಕಿತ್ಸೆಯಲ್ಲಿ ತರಬೇತಾದವರಾಗಿರಬೇಕು, ಯಾವಾಗ ಪುಸ್ತಕ ಬಿಟ್ಟು ವೈದ್ಯರ ಬಳಿ ಹೋಗಬೇಕೆಂದು ಹೇಳಿರಬೇಕು. 'ಇಷ್ಟೇ ದಿನದಲ್ಲಿ ಗುಣ' ಎಂದು ಮಾತು ಕೊಡುವ ಪುಸ್ತಕವನ್ನು ಮುಟ್ಟುವುದೇ ಬೇಡ. ಓದೇ ಹಿಡಿಸದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಒತ್ತಡ ನಿಭಾಯಿಸುವ ಸಚಿತ್ರ ಕೈಪಿಡಿ ಇದೆ. ಉಚಿತ, ಮಾತು ಕಡಿಮೆ, ಅಭ್ಯಾಸಕ್ಕೆ ಧ್ವನಿಮುದ್ರಿಕೆಯೂ ಉಂಟು.

ವಾರಕ್ಕೆ ಒಂದೇ ಅಧ್ಯಾಯ. ಒಮ್ಮೆ ಸುಮ್ಮನೆ ಓದುವುದು, ಎರಡನೇ ಸಲ ಪೆನ್ಸಿಲ್ ಹಿಡಿದು ಓದುವುದು, ಉಳಿದ ಐದು ದಿನ ಆ ಅಧ್ಯಾಯದ ಒಂದು ಅಭ್ಯಾಸ.

ಹೆಚ್ಚು ಸಮಯ ಹಿಡಿದದ್ದು ಮೊದಲ ಅಭ್ಯಾಸವಾದ ಯೋಚನೆಯ ದಾಖಲೆ: ಭಯದ ಯೋಚನೆಯನ್ನು ಬರೆದು, ಅದರ ಪರ ಮತ್ತು ವಿರುದ್ಧದ ಪುರಾವೆ ನೋಡಿ, ಕೊನೆಯ ಸಾಲಿನಲ್ಲಿ ಹೆಚ್ಚು ಸರಿಯಾದ ಯೋಚನೆ ಬರೆಯುವುದು. ಸುಮಾ ಅವರ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು. ಸಂದರ್ಭ: ಸೋಮವಾರ ಬೆಳಿಗ್ಗೆ 10:20, ಮೇಲಧಿಕಾರಿಯ ಮೆಸೇಜು, 'ಬಿಡುವಾದಾಗ ಬನ್ನಿ'. ಭಾವನೆ: ಭಯ, ನೂರಕ್ಕೆ 85. ಯೋಚನೆ: 'ಕೆಲಸದಿಂದ ತೆಗೀತಾರೆ'. ಪುರಾವೆ: 'ಎದೆ ಹೊಡ್ಕೋತಿದೆ, ಏನೋ ಆಗಿರಲೇಬೇಕು'. ಬಹಳ ಮಂದಿ ಎಡವುವುದು ಇಲ್ಲೇ. ಎದೆಬಡಿತ ಭಯದ ಲಕ್ಷಣ, ಕೆಲಸ ಹೋಗುವುದಕ್ಕೆ ಪುರಾವೆಯಲ್ಲ. ಇನ್ನೊಬ್ಬರು ಕಣ್ಣಾರೆ ಕಂಡು 'ಹೌದು' ಎನ್ನಬಹುದಾದದ್ದಷ್ಟೇ ಆ ಕಲಂಗೆ ಬರಬೇಕು. ತಿದ್ದಿ ಬರೆದಾಗ ಪರವಾಗಿ ಉಳಿದದ್ದು ಒಂದೇ: ವರದಿ ಎರಡು ದಿನ ತಡವಾಗಿತ್ತು. ವಿರುದ್ಧವಾಗಿ: ಹಿಂದೆ ಮೂರು ಸಲ ಹೀಗೇ ಕರೆದಾಗ ತಾರೀಕುಗಳ ಬಗ್ಗೆ ಕೇಳಿದ್ದರು, ಅಷ್ಟೆ. ಕೊನೆಯ ಸಾಲಿಗೆ ಮೊದಲು 'ಎಲ್ಲಾ ಒಳ್ಳೇದೇ ಆಗುತ್ತೆ' ಎಂದು ಬರೆದಿದ್ದರು. ಮನಸ್ಸು ಅದನ್ನು ನಂಬುವುದಿಲ್ಲ, ಆದ್ದರಿಂದ ಕೆಲಸಕ್ಕೂ ಬರುವುದಿಲ್ಲ. ಬದಲಿಗೆ ಬಂದದ್ದು: 'ತಡಕ್ಕೆ ಬೈಯಬಹುದು, ಕೆಲಸ ಹೋಗುವ ಸೂಚನೆ ಕಂಡಿಲ್ಲ'. ಭಯ 50ಕ್ಕೆ ಇಳಿಯಿತು. ಸೊನ್ನೆಗೆ ಬರಲಿಲ್ಲವೆಂದು ಬೇಸರಪಟ್ಟರು, ಆದರೆ ಎದ್ದು ಹೋಗಿ ಮಾತಾಡಲು 50 ಸಾಕಾಗಿತ್ತು.

ಎರಡನೆಯ ಅಭ್ಯಾಸ ಚಿಂತೆಗೆಂದೇ ಸಮಯ: ದಿನಾ ಸಂಜೆ ಆರಕ್ಕೆ, ಒಂದೇ ಕುರ್ಚಿಯಲ್ಲಿ, 20 ನಿಮಿಷ. ಹಗಲು ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಗುರುತುಹಾಕಿ ಆರಕ್ಕೆ ಮುಂದೂಡಬೇಕು. ಆಗ, ಕೈಲಾಗುವ ಚಿಂತೆಗೆ ಮುಂದಿನ ಒಂದು ಹೆಜ್ಜೆ ಬರೆಯುವುದು. 'ಹಾಗಾದರೆ? ಹೀಗಾದರೆ?' ಬಗೆಯದಾದರೆ ಗುರುತಿಸಿ ಅಲ್ಲೇ ಬಿಡುವುದು. ಮೊದಲ ವಾರ ಇದು ಕೆಟ್ಟಿತು, ಏಕೆಂದರೆ ಹಾಸಿಗೆಯ ಮೇಲೆ ಕೂತು ಮಾಡಿದ್ದರು, ನಿದ್ದೆ ಇನ್ನಷ್ಟು ದೂರವಾಯಿತು. ಮಲಗುವ ಹೊತ್ತಿಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಬೇಕು. ರಾತ್ರಿ ಎಚ್ಚರವಾಗಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ತೂಕಡಿಕೆ ಬಂದ ಮೇಲೆ ಮಲಗಿ ಎಂದೂ ಹೇಳಲಾಯಿತು. ಗಡಿಯಾರವನ್ನು ಮಾತ್ರ ನೋಡಬಾರದು, 20 ನಿಮಿಷ ಅಂದಾಜು ಸಾಕು.

ಪುಸ್ತಕ ಬದಿಗಿಡಬೇಕಾದ ಗಡಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಲಾಯಿತು: ನಾಲ್ಕು ವಾರ ಅಭ್ಯಾಸ ಮಾಡಿಯೂ ಅಂಕ ಇಳಿಯದಿದ್ದರೆ, ಊಟ ಸ್ನಾನಗಳಂಥ ನಿತ್ಯದ ಕೆಲಸವೇ ನಿಂತರೆ, ಇಲ್ಲದ ದನಿ ಕೇಳಿಸಿದರೆ, ಮನೋವೈದ್ಯರು. ಸಾಯುವ ಯೋಚನೆ ಬಂದರೆ ಕಾಯಬಾರದು, ಅಂದೇ ನೆರವು ಪಡೆಯಬೇಕು. ಪುಸ್ತಕದ ಮಾತು ನಂಬಿ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಕೂಡದು. ಹಳೆಯ ಆಘಾತದ ನೆನಪುಗಳನ್ನು ಕೆದಕುವ ಅಭ್ಯಾಸಗಳನ್ನು ಒಬ್ಬರೇ ಮಾಡಕೂಡದು.

ಎಂಟನೇ ವಾರ ಜಿಎಡಿ-7 ಅಂಕ 7, ಪಿಎಚ್‌ಕ್ಯೂ-9 ಅಂಕ 5. ರಾತ್ರಿಯ ಎಚ್ಚರ ವಾರಕ್ಕೆ ಎರಡು ಸಲಕ್ಕೆ ಇಳಿದಿತ್ತು. ಮುಂದೆ ಯಾವ ಪುಸ್ತಕ ಎಂದು ಮತ್ತೆ ಕೇಳಿದರು. ತಮ್ಮದೇ ನೋಟ್‌ಬುಕ್ಕಿನಲ್ಲಿ ಉಪಯೋಗಕ್ಕೆ ಬಂದ ಮೂರು ಪುಟಗಳನ್ನು ಆರಿಸಿ, ಆತಂಕ ಮರುಕಳಿಸಿದರೆ ಮೊದಲು ಅವನ್ನೇ ತೆರೆಯಿರಿ ಎಂದು ಹೇಳಿ, ಒಂದು ತಿಂಗಳ ನಂತರದ ಭೇಟಿಗೆ ದಿನ ಗೊತ್ತುಮಾಡಲಾಯಿತು.