ಗರ್ಭಕೋಶ ತೆಗೆಸಿದ ಮೇಲೆ ಉರಿ, ಅಳು

ಪ್ರಶ್ನೆ: ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದು ಮೂರು ತಿಂಗಳಾಯಿತು. ಗಂಡನ ಜೊತೆ ಸೇರಿದರೆ ಉರಿ, ನೋವು. ಸುಮ್ಮಸುಮ್ಮನೆ ಅಳು ಬರುತ್ತದೆ. ಹೆಣ್ತನವೇ ಹೋಯಿತೇ?
– 43 ವರ್ಷದ ಓದುಗರು, ಮದ್ದೂರು

ಉತ್ತರ: ಖಂಡಿತ ಇಲ್ಲ ತಾಯಿ. ಸುಖದ ಮುಖ್ಯ ಅಂಗವಾದ ಚಂದ್ರನಾಡಿಯನ್ನು ಈ ಆಪರೇಷನ್‌ನಲ್ಲಿ ಮುಟ್ಟುವುದಿಲ್ಲ. ಅಂಡಾಶಯ ಹೋದದ್ದರಿಂದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಒಮ್ಮೆಲೇ ಕುಸಿದಿದೆ. ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಮನಸ್ಸೂ ಏರುಪೇರಾಗುತ್ತದೆ. ಅಳು ನಿಮ್ಮ ದೌರ್ಬಲ್ಯವಲ್ಲ.

ಮೊದಲು ಡಿಸ್ಚಾರ್ಜ್ ಚೀಟಿ ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಿ, ಒಳಹೊಲಿಗೆ ಮಾಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಬೇಗ ಸೇರಿದರೆ ಹೊಲಿಗೆ ಬಿಡುವ ಅಪಾಯವಿದೆ. ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೇಳಿ: ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನಡುವೆ ಬಿಡಬೇಡಿ. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ನಿಮ್ಮ ವಯಸ್ಸಿಗೆ ಮಾತ್ರೆ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ರೂಪದ ಹಾರ್ಮೋನ್ ಬಗ್ಗೆಯೂ ಕೇಳಲೇಬೇಕು. ಮೂಳೆಗೂ ಅದು ಆಸರೆ.

ಸೇರುವಾಗ ನೀರು ಆಧಾರಿತ ಲೂಬ್ರಿಕೆಂಟ್ (ಜಾರಿಸುವ ಜೆಲ್) ಧಾರಾಳವಾಗಿ ಬಳಸಿ. ನೀವು ಮೇಲಿದ್ದರೆ ಆಳ ನಿಮ್ಮ ಹಿಡಿತದಲ್ಲಿರುತ್ತದೆ. ನೋವಾದರೆ ನಿಲ್ಲಿಸಿ, ಗಂಡನಿಗೆ ಬಾಯಿಬಿಟ್ಟು ಹೇಳಿ. ಅವರನ್ನೂ ತಜ್ಞರ ಬಳಿ ಕರೆದೊಯ್ದರೆ ಒಳ್ಳೆಯದು.

ರಕ್ತ, ದುರ್ವಾಸನೆಯ ಸ್ರಾವ, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಬೇಸರ ಎರಡು ವಾರ ದಾಟಿದರೆ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.